ಕುಮಟೆಯ ಹೆಸರು, ಘಟ್ಟದ ರಸ್ತೆ

ಒಂದು ಕಾಲಕ್ಕೆ ಮುಂಬಯಿಯ ಹತ್ತಿ ಪೇಟೆಯಲ್ಲಿಯೂ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿಯೂ ‘ಕುಮಟಾ’ ಎಂಬುದು ಊರಿನ ಹೆಸರಿಗಿಂತ ಹೆಚ್ಚಾಗಿ ಸರಕಿನ ಹೆಸರಾಗಿತ್ತು. ವಿಶೇಷವೆಂದರೆ, ಉತ್ತರ ಕನ್ನಡ ಜಿಲ್ಲೆಯ ಈ ಕರಾವಳಿ ಪಟ್ಟಣದಲ್ಲಿ ಆ ಹತ್ತಿ ಬೆಳೆಯುತ್ತಿರಲಿಲ್ಲ. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ನಾಡತಳಿಯ ಅರಳೆಯು ಎತ್ತಿನ ಬಂಡಿಗಳಲ್ಲಿ ಶಿರಸಿಯನ್ನು ಹಾಯ್ದು, ದೇವಿಮನೆ ಘಟ್ಟವನ್ನಿಳಿದು ಇಲ್ಲಿಗೆ ತಲುಪಿ, ಇಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಬೆಳೆದ ಸೀಮೆಯ ಹೆಸರು ಹಿಂದುಳಿದು, ಹಡಗು ಹತ್ತಿಸಿದ ಊರಿನ ಹೆಸರೇ ಆ ಹತ್ತಿಗೆ ನಿಂತಿತು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಕುಮಟೆ ಗಳಿಸಿದ್ದು ಗುಡ್‌ವಿಲ್. ಅದರ ಬೆನ್ನಿಗಿದ್ದ ಸ್ಥಿರಾಸ್ತಿಯೆಂದರೆ ಘಟ್ಟದ ರಸ್ತೆ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋದಾಗ ಈ ದಾರಿಯ ಬೆಲೆ ಏಕಾಏಕಿ ಏರಿತು. ಆದರೆ ಕುಮಟೆಯದು ಆಳವಾದ ಬಂದರಲ್ಲ. ಹತ್ತಿ ವರ್ತಕರ ದೃಷ್ಟಿ ಕಾರವಾರದತ್ತ ಹೊರಳಿತು. ಆ ಬಂದರನ್ನು ಬೆಳೆಸುವ ಹಂಬಲದ ಫಲವಾಗಿಯೇ 1862ರಲ್ಲಿ ಉತ್ತರ ಕನ್ನಡವು ಮದ್ರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಒಂದು ಸರಕಿಗಾಗಿ ಜಿಲ್ಲೆಯೊಂದರ ಆಡಳಿತವನ್ನೇ ಬದಲಿಸಿದ ಇಂತಹ ನಿದರ್ಶನಗಳು ವಿರಳ. ಮುಂದೆ 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಮುರ್ಮುಗೋವಾ ಬಂದರಿಗೆ ರೈಲು ಹಾಸಿದಾಗ ಹತ್ತಿಯು ಬಂಡಿಯನ್ನು ಬಿಟ್ಟು ರೈಲನ್ನೇರಿತು. ಕುಮಟೆಯ ವರ್ತಕರು ತಪ್ಪೇನೂ ಮಾಡಿರಲಿಲ್ಲ. ದಾರಿ ಬದಲಾಯಿತು, ಅಷ್ಟೇ. ಹೆಸರು ಮಾತ್ರ ಪೇಟೆಯ ದರಪಟ್ಟಿಗಳಲ್ಲಿ ಬಹುಕಾಲ ಉಳಿಯಿತು.

ಇಂದು ಹೆಡ್‌ಬಂದರದ ದೀಪಸ್ತಂಭವನ್ನು ನೋಡಲು ಬರುವವರಿಗಾಗಲಿ, ಗಿಬ್ ವೃತ್ತ, ಮಾಸ್ತಿಕಟ್ಟೆಗಳನ್ನು ದಿನವೂ ದಾಟುವವರಿಗಾಗಲಿ ಈ ಸಂಗತಿ ನೆನಪಾಗುವುದು ಕಡಿಮೆ. ಅದೇನೂ ದೊಡ್ಡ ನಷ್ಟವಲ್ಲ. ನಷ್ಟವಿರುವುದು ರಸ್ತೆಯನ್ನು ಮರೆಯುವುದರಲ್ಲಿ.

ಇಂದಿನ 66ನೆಯ ರಾಷ್ಟ್ರೀಯ ಹೆದ್ದಾರಿಯೂ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗವೂ ಕುಮಟೆಯನ್ನು ಹಾದುಹೋಗುತ್ತವೆ. ಎರಡೂ ಸಾಗುವುದು ತೀರದುದ್ದಕ್ಕೆ, ದಕ್ಷಿಣೋತ್ತರವಾಗಿ. ಅದರ ಲಾಭವಿಲ್ಲವೆನ್ನುವಂತಿಲ್ಲ: ಬೇಸಿಗೆಯಲ್ಲಿ ಹಂದಿಗೋಣ, ಅಳ್ವೆಕೋಡಿಗಳ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುಬಿಟ್ಟ ಸಿಹಿ ಈರುಳ್ಳಿಯನ್ನು ಕೊಳ್ಳದೆ ಮುಂದೆ ಹೋಗುವ ಪ್ರಯಾಣಿಕರು ಕಡಿಮೆ. ಈ ಸಲ ಹೆಸರಿನೊಡನೆ ಬೆಳೆಯೂ ಊರಿನದೇ ಎಂಬುದು ಸಮಾಧಾನದ ಮಾತು. ಆದರೆ ಪಟ್ಟಣಕ್ಕೆ ಸಗಟು ವ್ಯಾಪಾರವನ್ನು ತಂದದ್ದು ಪೂರ್ವಕ್ಕೆ ಏರುವ ದಾರಿ. ದೀವಗಿಯ ಬಳಿ ಹೆದ್ದಾರಿಯಿಂದ ಕವಲೊಡೆದು ಕತಗಾಲ, ದೇವಿಮನೆಗಳ ಮೂಲಕ ಶಿರಸಿಯನ್ನು ಸೇರುವ, ಸುಮಾರು 60 ಕಿಲೋಮೀಟರಿನ ಆ ದಾರಿ ಈಗ 766ಇ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿದ್ದು, ಹಾವೇರಿಯವರೆಗೆ ಮುಂದುವರಿಯುತ್ತದೆ. ಅದನ್ನು ಅಗಲಗೊಳಿಸುವ ಕೆಲಸ ವರ್ಷಗಟ್ಟಲೆ ಎಳೆದಾಡಿತು. ಘಟ್ಟ ಮುಚ್ಚಿದಾಗ ಭಾರೀ ವಾಹನಗಳು ಯಲ್ಲಾಪುರ, ಅರಬೈಲ್ ಮಾರ್ಗವಾಗಿಯೋ ಸಿದ್ದಾಪುರ, ಹೊನ್ನಾವರ ಮಾರ್ಗವಾಗಿಯೋ ಸುತ್ತಬೇಕು. ಆ ಸುತ್ತಿನ ಡೀಸೆಲ್ಲು, ಬಾಡಿಗೆ, ತಡವಾದ ಪಾವತಿಯ ಬಡ್ಡಿ ಇವೆಲ್ಲ ಅಡಿಕೆ ವ್ಯಾಪಾರಿಯ ಖಾತೆಯಲ್ಲಿ ‘ಸಾಗಾಟ ವೆಚ್ಚ’ ಎಂಬ ಒಂದೇ ಸಾಲಿನಲ್ಲಿ ಕರಗಿಹೋಗುತ್ತವೆ. ಕರಗಿದ ನಷ್ಟಕ್ಕೆ ಅರ್ಜಿ ಬರೆಯುವುದು ಹೇಗೆ?

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಹಾನಿಯಾದಾಗ, ಹಲವು ದಿನ ತೀರದ ಹೆದ್ದಾರಿಯೇ ಬಂದಾಗಿತ್ತು. ಅಗಲವಾದ ರಸ್ತೆ ಮಾತ್ರಕ್ಕೆ ಅದು ಭದ್ರವಾದ ರಸ್ತೆಯಲ್ಲವೆಂಬುದು ಅಂದು ಕಂಡಿತು. ದೇವಿಮನೆಯಲ್ಲಿಯೂ ಗುಡ್ಡವನ್ನು ಕಡಿದಿರುವಾಗ, ಇಳಿಜಾರಿನ ಭದ್ರತೆ ಮತ್ತು ಮಳೆನೀರಿನ ಚರಂಡಿಗಳಿಗೆ ಡಾಂಬರಿಗಿಂತ ಮೊದಲ ಸ್ಥಾನ ಸಲ್ಲಬೇಕು. ವ್ಯಾಪಾರಿ ಸಂಘಗಳ ಮನವಿಗಳಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ. 1990ರ ದಶಕದಲ್ಲಿ ಮಂಜೂರಾದ ಆ ಯೋಜನೆಯು ಪಶ್ಚಿಮ ಘಟ್ಟದ ಅರಣ್ಯದ ಪ್ರಶ್ನೆಯಲ್ಲಿ ಸಿಲುಕಿದೆ. ಅದಕ್ಕಾಗಿ ಕಾಯುತ್ತ ಕೈಯಲ್ಲಿರುವ ಆಸ್ತಿಯನ್ನು ಸವೆಯಲು ಬಿಡುವುದು ಜಾಣ ವ್ಯವಹಾರವಲ್ಲ.

ಶಿರಸಿ, ಹಾವೇರಿ, ಕುಮಟೆಗಳ ವರ್ತಕರು ಜಂಟಿಯಾಗಿ ಒಂದು ಸರಳ ದಾಖಲೆಯನ್ನಿಡಬಹುದು: ವರ್ಷದಲ್ಲಿ ಘಟ್ಟ ಎಷ್ಟು ದಿನ ಮುಚ್ಚಿತ್ತು, ಎಷ್ಟು ಲಾರಿಗಳು ಯಾವ ಮಾರ್ಗವಾಗಿ ಸುತ್ತಿದವು, ಲಾರಿಯೊಂದಕ್ಕೆ ತಗುಲಿದ ಹೆಚ್ಚುವರಿ ಬಾಡಿಗೆ ಎಷ್ಟು. ಇದಕ್ಕೆ ಮೂರು ಕಲಮುಗಳ ಒಂದು ವಹಿ ಸಾಕು. ಬರುವ ಮುಂಗಾರಿನಿಂದಲೇ ಅದನ್ನು ಆರಂಭಿಸಬಹುದು.