ಕೈಗಾದ ‘ಕಿರಣ’ ಗದಗದವರೆಗೂ ಬರುತ್ತಾ?

ಗದಗದಲ್ಲಿರುವ ಮಾಮಾ ಮನೆಯ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ದರು: ‘ಕೈಗಾದ ನೀರಿನಲ್ಲಿ ವಿಕಿರಣ ಬೆರೆತಿದೆ, ಅದರ ಕಿರಣ ನೂರಾರು ಕಿಲೋಮೀಟರ್ ಹಾಯುತ್ತದೆ, ಎಲ್ಲರಿಗೂ ತಿಳಿಸಿ.’ ದಿನಾಂಕ ಇರಲಿಲ್ಲ. ಕೆಳಗೆ ಮಾಮಾನ ಪ್ರಶ್ನೆ: ‘ಇದು ಖರೇನಾ?’

ಅರ್ಧ ಖರೆ, ಅದೂ ಹಳೆಯದು. 2009ರ ನವೆಂಬರ್‌ನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ 50ಕ್ಕೂ ಹೆಚ್ಚು ಸಿಬ್ಬಂದಿಯ ಮೂತ್ರದಲ್ಲಿ ಟ್ರಿಟಿಯಂ ಹೆಚ್ಚಾಗಿರುವುದು ಪತ್ತೆಯಾಯಿತು. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲವನ್ನು ಯಾರೋ ಬೆರೆಸಿದ್ದರು. ಗಮನಿಸಿ, ಅಲ್ಲಿ ಕಿರಣ ಹಾರಿ ಬರಲಿಲ್ಲ. ನೀರು ಹೊಟ್ಟೆಗೆ ಹೋಯಿತು.

ಟ್ರಿಟಿಯಂ ಎಂದರೆ ವಿಕಿರಣ ಸೂಸುವ ಹೈಡ್ರೋಜನ್. ಅದರ ಬೀಜಕಣ ಒಡೆದಾಗ ಒಂದು ಎಲೆಕ್ಟ್ರಾನ್ ಹೊರಚಿಮ್ಮುತ್ತದೆ. ಇದೇ ಬೀಟಾ ಕಿರಣ. ಪ್ರತಿ ಸಲವೂ ಬಿಡುಗಡೆಯಾಗುವ ಶಕ್ತಿ ಸುಮಾರು 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್. ಆದರೆ ಎಲೆಕ್ಟ್ರಾನ್ ಕೈಗೆ ಸಿಗುವುದು ಸರಾಸರಿ 5.7 ಮಾತ್ರ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಉಳಿದದ್ದು ಎಲ್ಲಿ ಹೋಯಿತು?

ಬೀಟಾ ಶಕ್ತಿ ಹೀಗೆ ಏರುಪೇರಾಗಿರುವುದನ್ನು ಚಾಡ್ವಿಕ್ 1914ರಲ್ಲೇ ತೋರಿಸಿದ್ದರು. ಲೆಕ್ಕ ಕೂಡದೆ ವಿಜ್ಞಾನಿಗಳು ಕಂಗಾಲಾದರು. 1930ರಲ್ಲಿ ಪೌಲಿ, ಕಣ್ಣಿಗೆ ಬೀಳದ ಇನ್ನೊಂದು ಕಣ ಪಾಲು ಒಯ್ಯುತ್ತಿದೆ ಎಂದು ಊಹಿಸಿದರು. ಅದೇ ನ್ಯೂಟ್ರಿನೋ. ಅಣ್ಣ ತಮ್ಮಂದಿರ ಕೈಗೆ 18 ರೂಪಾಯಿ 60 ಪೈಸೆ ಕೊಟ್ಟು ‘ಹಂಚಿಕೊಳ್ಳಿ’ ಎಂದ ಹಾಗೆ: ಮೊತ್ತ ಬದಲಾಗದು, ಪಾಲು ಬದಲಾಗುತ್ತದೆ. ಯಾವ ಪಾಲು ಎಷ್ಟು ಸಲ ಬರುತ್ತದೆ ಎಂಬ ಸೂತ್ರವನ್ನು 1934ರ ಹೊತ್ತಿಗೆ ಫರ್ಮಿ ಕೊಟ್ಟರು. ಹೊರಡುವ ಎಲೆಕ್ಟ್ರಾನನ್ನು ಧನವಿದ್ಯುತ್ತಿನ ಬೀಜಕಣ ಹಿಂದಕ್ಕೆ ಜಗ್ಗುವುದನ್ನೂ ಅವರು ಲೆಕ್ಕಕ್ಕೆ ಹಿಡಿದರು. (ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ಸಿಕ್ಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ!)

ಈ ಸೂತ್ರ ಬರೀ ಪುಸ್ತಕದ್ದಲ್ಲ. ನ್ಯೂಟ್ರಿನೋ ಮೈಗೆ ಏನೂ ಮಾಡದೆ ದಾಟಿಹೋಗುತ್ತದೆ. ತಟ್ಟುವುದು ಎಲೆಕ್ಟ್ರಾನಿನ ಪಾಲು. ಹಾಗಾಗಿ ಟ್ರಿಟಿಯಂ ನೀರು ಕುಡಿದವರ ಮೈಗೆ ಬಿದ್ದ ವಿಕಿರಣವನ್ನು 5.7ರಿಂದ ಲೆಕ್ಕ ಹಾಕಬೇಕು. 18.6 ಹಿಡಿದರೆ ಉತ್ತರ ಮೂರು ಪಟ್ಟು ಉಬ್ಬುತ್ತದೆ.

ಇಷ್ಟು ಸಣ್ಣ ಶಕ್ತಿಯ ಎಲೆಕ್ಟ್ರಾನ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 6 ಮಿಲಿಮೀಟರ್ ಹೋಗುತ್ತದೆ, ಚರ್ಮದ ಹೊರಪದರವನ್ನೂ ದಾಟದು. ಆದರೆ ‘ಹಾಗಾದರೆ ಟ್ರಿಟಿಯಂ ನಿರುಪದ್ರವಿ’ ಎಂಬ ಫಾರ್ವರ್ಡ್ ಬಂದರೆ ಅದೂ ಸುಳ್ಳೇ. ಟ್ರಿಟಿಯಂ ನೀರಾಗಿ, ಆವಿಯಾಗಿ ಹರಡಬಲ್ಲದು. ಕುಡಿದರೆ ಮೈಯೆಲ್ಲ ಸೇರುತ್ತದೆ, ಸುಮಾರು 10 ದಿನಕ್ಕೊಮ್ಮೆ ಅರ್ಧದಷ್ಟು ಹೊರಹೋಗುತ್ತದೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು ಅದಕ್ಕೇ.

ಮಾಮಾನಿಗೆ ಬರೆದೆ: ‘ಕಿರಣ ಗದಗಕ್ಕೆ ಬರಂಗಿಲ್ಲ. ಆ ಸುದ್ದಿ 2009ರದು.’ ಸ್ವಲ್ಪ ಹೊತ್ತಿಗೆ ಫಾರ್ವರ್ಡ್ ಡಿಲೀಟ್ ಆಗಿತ್ತು.