ಅಡ್ಡಹೆಸರೂ ವಂಶವೂ

ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಝಳಕಿ ಎಂಬ ಊರುಂಟು. ಸಂಸ್ಕೃತ ಬಲ್ಲವರಿಗೆ ಈ ಊರು ಒಂದು ಅಡ್ಡಹೆಸರಿನ ಮೂಲಕ ಪರಿಚಿತ. ‘ನ್ಯಾಯಕೋಶ’ವೆಂಬ ಮಹಾನಿಘಂಟನ್ನು ರಚಿಸಿದ 19ನೆಯ ಶತಮಾನದ ಪಂಡಿತರು ಭೀಮಾಚಾರ್ಯ ಝಳಕೀಕರ. ಝಳಕೀಕರ ಎಂದರೆ ಝಳಕಿಯವರು, ಅಷ್ಟೆ. ಆ ಹೆಸರು ಊರನ್ನು ಹೇಳುತ್ತದೆಯೇ ಹೊರತು ರಕ್ತವನ್ನು ಹೇಳುವುದಿಲ್ಲ. ಝಳಕಿಯನ್ನು ಬಿಟ್ಟುಹೋದ ಎರಡು ಮನೆತನಗಳು ಇದೇ ಹೆಸರನ್ನು ಇಟ್ಟುಕೊಂಡರೆ, ಅಷ್ಟರಿಂದಲೇ ಅವು ಪರಸ್ಪರ ದಾಯಾದಿಗಳಾಗಲಾರವು.

ಇದೇ ರೀತಿಯಲ್ಲಿ ಹುಟ್ಟಿದ ಇನ್ನೊಂದು ಅಡ್ಡಹೆಸರು ಮಂಗಳೂರು, ಉಡುಪಿಗಳ ಕಡೆ ಮನೆಮನೆಗೂ ಪರಿಚಿತವಾಗಿದೆ. ಅದು ಡಿಸೋಜ. ಸೋಜ ಎಂಬುದು ಉತ್ತರ ಪೋರ್ತುಗಾಲಿನಲ್ಲಿ ಹರಿದು ದೋರೊ ನದಿಯನ್ನು ಸೇರುವ ಒಂದು ಸಣ್ಣ ಹೊಳೆ. ‘ಡಿ’ ಎಂಬುದು ನಮ್ಮ ‘ಕರ’ದಂತೆಯೇ ಸ್ಥಳಸಂಬಂಧವನ್ನು ಸೂಚಿಸುವ ಪದ. ಆದುದರಿಂದ ಡಿಸೋಜ ಎಂದರೆ ಸೋಜದವನು. ಆ ಹೊಳೆಯ ಸೀಮೆಯ ಸರದಾರ ಮನೆತನವೊಂದು ಮಧ್ಯಯುಗದಲ್ಲಿ ಈ ಹೆಸರನ್ನು ಧರಿಸಿತು. ಸ್ಪೇನಿನಲ್ಲಿ ಇದರ ರೂಪ ಸೋಸ. ಹಡಗುಗಳೊಡನೆ ಹೆಸರೂ ಸಮುದ್ರವನ್ನು ದಾಟಿತು. ಮಾರ್ಟಿಂ ಅಫೋನ್ಸೊ ಡಿ ಸೋಜ ಎಂಬಾತ 1532ರಲ್ಲಿ ಬ್ರೆಜಿಲಿನಲ್ಲಿ ಸಾವೊ ವಿಸೆಂಟಿ ಎಂಬ ವಸಾಹತನ್ನು ಸ್ಥಾಪಿಸಿದನು. ಅವನೇ 1542ರಿಂದ 1545ರವರೆಗೆ ಗೋವೆಯಲ್ಲಿ ಗವರ್ನರನಾಗಿದ್ದನು.

ಗೋವೆ ಅದಕ್ಕೆ ಮೊದಲು ವಿಜಯಪುರದ ಆದಿಲಶಾಹಿ ರಾಜ್ಯಕ್ಕೆ ಸೇರಿದ್ದಿತು. ಪೋರ್ತುಗೀಜರು ಅದನ್ನು ಗೆದ್ದುಕೊಂಡದ್ದು 1510ರಲ್ಲಿ. ಕ್ರೈಸ್ತಮತವನ್ನು ಸ್ವೀಕರಿಸಿದ ಅಲ್ಲಿನ ಜನರಿಗೆ ದೀಕ್ಷಾಸ್ನಾನದ ವೇಳೆ ಹೊಸ ಹೆಸರನ್ನು ಕೊಡುತ್ತಿದ್ದರು. ದೀಕ್ಷೆ ಕೊಟ್ಟ ಪಾದ್ರಿಯ ಅಡ್ಡಹೆಸರೋ, ಪಕ್ಕದಲ್ಲಿ ನಿಂತು ಹೊಣೆ ಹೊತ್ತ ಧರ್ಮಪಿತನ ಅಡ್ಡಹೆಸರೋ ಆ ಕುಟುಂಬದ್ದಾಗುತ್ತಿತ್ತು. ಹೀಗೆ ರಕ್ತಸಂಬಂಧವಿಲ್ಲದ ಅನೇಕ ಮನೆಗಳು ಡಿಸೋಜ, ಪಿಂಟೊ, ಫೆರ್ನಾಂಡಿಸ್, ರೊಡ್ರಿಗಸ್ ಎನಿಸಿಕೊಂಡವು. ಮುಂದೆ ಯುದ್ಧ, ಕ್ಷಾಮ, ತೆರಿಗೆ, ಮತವಿಚಾರಣೆಯ ಕಿರುಕುಳಗಳಿಂದ ಬೇಸತ್ತ ಕುಟುಂಬಗಳು ತೆಂಕಣ ಕರಾವಳಿಗೆ ಬಂದು ನೆಲಸಿದುವು. ಹೆಸರು ಪೋರ್ತುಗೀಜಿನದಾದರೂ ಮನೆಯ ಮಾತು ಕೊಂಕಣಿಯಾಗಿಯೇ ಉಳಿಯಿತು. ಪ್ರಭು, ಶೆಣೈ, ಕಾಮತ ಎಂಬ ತಮ್ಮ ಹಿಂದಿನ ಮನೆತನದ ಹೆಸರನ್ನು ಮರೆಯದ ಕ್ರೈಸ್ತ ಕುಟುಂಬಗಳು ಮಂಗಳೂರಿನಲ್ಲಿ ಇಂದಿಗೂ ಇವೆ.

ಇದು ನಮ್ಮ ಕರಾವಳಿಯ ವಿಶೇಷವೆಂದು ತಿಳಿಯಬೇಕಾಗಿಲ್ಲ. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಸ್ಪೇನಿನ ಗವರ್ನರ್ ಜನರಲನಾಗಿದ್ದ ಕ್ಲಾವೆರಿಯ 1849ರಲ್ಲಿ ಅಡ್ಡಹೆಸರುಗಳ ಒಂದು ದೊಡ್ಡ ಪಟ್ಟಿಯನ್ನು ಮಾಡಿಸಿ, ಊರೂರಿಗೆ ಹಂಚಿಸಿದನು. ತೆರಿಗೆಯ ಲೆಕ್ಕ ಸರಿಯಾಗಬೇಕೆಂಬುದು ಅವನ ಉದ್ದೇಶಗಳಲ್ಲೊಂದು. ಸ್ಪೇನಿನ ಹೆಸರು ಅಲ್ಲಿ ಕಾಗದದ ಮೇಲೆ ಹರಡಿತು, ರಕ್ತದಲ್ಲಲ್ಲ.

ಹಾಗಾದರೆ ಅಡ್ಡಹೆಸರಿನಿಂದ ವಂಶವನ್ನು ತಿಳಿಯಲು ಎಲ್ಲಿಯೂ ಸಾಧ್ಯವಿಲ್ಲವೆ? ಸ್ವಲ್ಪಮಟ್ಟಿಗೆ ಸಾಧ್ಯವುಂಟು. ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್ 1875ರಲ್ಲಿ, ಇಂಗ್ಲೆಂಡಿನಲ್ಲಿ ವಧೂವರರಿಬ್ಬರ ಅಡ್ಡಹೆಸರೂ ಒಂದೇ ಆಗಿದ್ದ ಮದುವೆಗಳನ್ನು ಎಣಿಸಿ, ಹತ್ತಿರದ ಬಂಧುಗಳ ನಡುವೆ ನಡೆಯುವ ಮದುವೆಗಳ ಪ್ರಮಾಣವನ್ನು ಅಂದಾಜು ಮಾಡಿದನು. ತಂದೆಯಿಂದ ಮಗನಿಗೆ ಅಡ್ಡಹೆಸರು ಬರುವಂತೆ ವೈ ವರ್ಣತಂತುವೂ ಬರುತ್ತದೆ. 2000ದಲ್ಲಿ ಇಂಗ್ಲೆಂಡಿನಲ್ಲಿ ಸೈಕ್ಸ್ ಎಂಬ ಅಡ್ಡಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ, ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಯ ವೈ ವರ್ಣತಂತು ಒಂದೇ ಬಗೆಯದೆಂದು ಕಂಡುಬಂದಿತು. ಆದರೆ ಉಳಿದವರದು ಹಾಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಹೆಸರು ತಂದೆಯಿಂದ ಮಗನಿಗೆ ಬಂದ ನಾಡಿನಲ್ಲಿಯೇ ಹೀಗಾದರೆ, ಹೆಸರನ್ನು ಒಮ್ಮೆಗೇ ನೂರಾರು ಮನೆಗಳಿಗೆ ಹಂಚಿದ ಕಡೆ ಏನಾದೀತು? ಜಾರ್ಜ್ ಡಾರ್ವಿನ್ನನ ಲೆಕ್ಕವನ್ನು ಮಂಗಳೂರಿನಲ್ಲಿ ಮಾಡಹೊರಟರೆ ಬರುವ ಉತ್ತರ ತಪ್ಪೇ.

ಗೋವೆಯಲ್ಲಿ ಪೋರ್ತುಗೀಜರು ಸ್ಥಳೀಯ ಸ್ತ್ರೀಯರನ್ನು ಮದುವೆಯಾದದ್ದುಂಟು ಎಂದು ಕೆಲವರು ಆಕ್ಷೇಪಿಸಬಹುದು. ಅದು ನಿಜ. ಆದರೆ ಅಂಥ ಪೂರ್ವಜನಿದ್ದ ಮನೆ ಯಾವುದು, ಇಲ್ಲದ ಮನೆ ಯಾವುದು ಎಂಬುದನ್ನು ಹೆಸರು ತಿಳಿಸಲಾರದು. ಇದ್ದನೆಂದೇ ಇಟ್ಟುಕೊಳ್ಳೋಣ. ತಲೆಮಾರಿಗೆ 30 ವರ್ಷವೆಂದು ಎಣಿಸಿದರೆ 1542ರಿಂದ ಈಚೆಗೆ ಸುಮಾರು 16 ತಲೆಮಾರುಗಳು ಕಳೆದಿವೆ. ಪ್ರತಿಯೊಬ್ಬನಿಗೂ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆಯೇ ಇಮ್ಮಡಿಸುತ್ತ ಹೋದರೆ 16ನೆಯ ತಲೆಮಾರಿನಲ್ಲಿ ಪೂರ್ವಜರ ಸ್ಥಾನಗಳು 65,536. ಒಬ್ಬನೇ ಹಲವು ಸ್ಥಾನಗಳಲ್ಲಿ ಬರಬಹುದಾದರೂ, ಅಡ್ಡಹೆಸರು ಬೆರಳು ತೋರಿಸುವುದು ಅವುಗಳಲ್ಲಿ ಒಂದೇ ಒಂದರ ಕಡೆಗೆ.

ಈ ಮಾತನ್ನು ವಿದ್ಯಾರ್ಥಿಗಳ ಮುಂದೆ ಇಡಲು ಕಾರಣವುಂಟು. ಕಾಲೇಜಿನಲ್ಲಿ ಮೊದಲ ದಿನವೇ ಹೊಸಬನನ್ನು “ನಿನ್ನ ಅಡ್ಡಹೆಸರೇನು?” ಎಂದು ಕೇಳುವ ರೂಢಿ ನಮ್ಮಲ್ಲಿದೆ. ಉತ್ತರವನ್ನು ಕೇಳಿದೊಡನೆ ಒಬ್ಬನನ್ನು ಪರಕೀಯನೆಂದೂ, ಇನ್ನೊಬ್ಬನನ್ನು ಇಂಥ ಜಾತಿಯವನೆಂದೂ ಮನಸ್ಸಿನಲ್ಲಿಯೇ ತೀರ್ಮಾನಿಸಿ, ಅದಕ್ಕೆ ತಕ್ಕಂತೆ ಸಲಿಗೆಯನ್ನೋ ದೂರವನ್ನೋ ಅಳೆದುಕೊಡುತ್ತೇವೆ. ಆ ತೀರ್ಮಾನಕ್ಕೆ ಆಧಾರವೆಲ್ಲಿ? ವಿಜಯಪುರದ ಸೀಮೆಯಲ್ಲಿಯೇ ಪಾಟೀಲರು ಲಿಂಗಾಯತರಲ್ಲಿಯೂ ಉಂಟು, ಜೈನರಲ್ಲಿಯೂ ಉಂಟು, ಮುಸಲ್ಮಾನರಲ್ಲಿಯೂ ಉಂಟು. ಆ ಹೆಸರು ಊರಿನ ಅಧಿಕಾರದಿಂದ ಬಂದದ್ದು, ಕುಲದಿಂದಲ್ಲ.

ಅಡ್ಡಹೆಸರುಗಳನ್ನು ತೊರೆಯಬೇಕೆಂದು ನಾನು ಹೇಳುತ್ತಿಲ್ಲ. ಅವು ಆಳಿದವರ, ತೆರಿಗೆ ಎತ್ತಿದವರ, ವಲಸೆ ಹೋದವರ ಕಥೆಯನ್ನು ಹೇಳುವ ದಾಖಲೆಗಳು. ಅಷ್ಟರಮಟ್ಟಿಗೆ ಅವನ್ನು ಆಸಕ್ತಿಯಿಂದ ಓದೋಣ. ನಿಮ್ಮ ತರಗತಿಯಲ್ಲಿ ಡಿಸೋಜ ಎಂಬ ಗೆಳೆಯನಿದ್ದರೆ, ಅವನು ಎಲ್ಲಿಯವನೆಂಬುದನ್ನು ಹಾಜರಿ ಪುಸ್ತಕದಿಂದ ಊಹಿಸಬೇಡಿರಿ. ಅವನನ್ನೇ ಕೇಳಿರಿ. ಸೋಜದ ಹೊಳೆಯನ್ನು ಅವನು ಕಂಡಿರಲಾರನು. ನೇತ್ರಾವತಿಯ ದಂಡೆಯಲ್ಲಿ ತನ್ನ ಅಜ್ಜ ಮಾಡಿದ ಬೇಸಾಯದ ಕಥೆಯನ್ನು ಹೇಳಿದರೂ ಹೇಳಬಹುದು.