ರಕ್ತದೊಳಗಿನ ಕಾವಲುಗಾರರು

ಮಗುವಿನ ಅಂಗಾಲಿಗೆ ನೆಟ್ಟ ಮುಳ್ಳನ್ನು ಕೂಡಲೆ ತೆಗೆಯದಿದ್ದರೆ, ಮರುದಿನ ಆ ಸ್ಥಳವು ಕೆಂಪೇರಿ ಊದಿಕೊಳ್ಳುವುದನ್ನು ಕಾಣದ ಗೃಹಸ್ಥರಿಲ್ಲ. 1882ರಲ್ಲಿ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿ ರಷ್ಯಾ ದೇಶದ ಮೆಚ್ನಿಕಾಫ್ ಪಂಡಿತರು ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿ ಮರುದಿನ ನೋಡಲಾಗಿ, ಸಂಚಾರಿ ಜೀವಕಣಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದುವು. ಬಾವೆಂಬುದು ದೇಹವು ಆತ್ಮರಕ್ಷಣೆಗಾಗಿ ಹೂಡುವ ಹೋರಾಟವೆಂದು ಅವರು ತಿಳಿದರು.

ನಮ್ಮ ರಕ್ತದಲ್ಲಿ ಇಂತಹ ಕೆಲಸಕ್ಕೆ ಹೊರಡತಕ್ಕ ಬಿಳಿಯ ಕಣಗಳಲ್ಲಿ ಮಾನೋಸೈಟ್ ಎಂಬುದೊಂದು ಜಾತಿ. ನೂರು ಬಿಳಿಯ ಕಣಗಳಲ್ಲಿ ಇವು ಸಾಮಾನ್ಯವಾಗಿ 2ರಿಂದ 8. ಮೈಮೇಲಿನ ಗುರುತುಗಳನ್ನು ನೋಡಿ ವಿಜ್ಞಾನಿಗಳು 2010ರಲ್ಲಿ ಇವನ್ನು ಮೂರು ಪಂಗಡಗಳಾಗಿ ಹೆಸರಿಸಿದರು. ನೂರಕ್ಕೆ ಸುಮಾರು 85 ಮೊದಲನೆಯ ಪಂಗಡದವು.

ಕಣ್ಣಿಲ್ಲದ ಈ ಕಣಕ್ಕೆ ದಾರಿ ತಿಳಿಯುವುದೆಂತು? ಮೊದಲನೆಯ ಪಂಗಡದ ಮೈಮೇಲೆ ಸಿಸಿಆರ್-2 ಎಂಬ ಗ್ರಾಹಕವು ಹೇರಳವಾಗಿದೆ. ನೊಂದ ಸ್ಥಳದಿಂದ ಹೊರಡುವ ಸಿಸಿಎಲ್-2 ಎಂಬ ದ್ರವ್ಯವು ಇದಕ್ಕೆ ತಗಲಿದೊಡನೆ, ಬೆಲ್ಲದ ಜಾಡು ಹಿಡಿದ ಇರುವೆಯಂತೆ ಕಣವು ರಕ್ತನಾಳದ ಗೋಡೆಯ ಸಂದಿನಲ್ಲಿ ನುಸುಳಿ ಅಲ್ಲಿಗೆ ಸೇರುತ್ತದೆ. ಮೂರನೆಯ ಪಂಗಡದಲ್ಲಿ ಈ ಗ್ರಾಹಕವು ಅತ್ಯಲ್ಪ. ಅದರ ಬದಲು ನಾಳದ ಒಳಗೋಡೆಯನ್ನು ಹಿಡಿಯಲು ನೆರವಾಗುವ ಬೇರೊಂದು ಗ್ರಾಹಕವು ಹೆಚ್ಚಾಗಿರುವುದರಿಂದ, ಅವು ರಾತ್ರಿಯ ತಳವಾರನಂತೆ ಗೋಡೆಯ ಉದ್ದಕ್ಕೂ ಗಸ್ತು ತಿರುಗುತ್ತವೆ. ಎರಡನೆಯದು ಇವೆರಡರ ನಡುವಣ ಅವಸ್ಥೆ. ಮೊದಲನೆಯವು ರಕ್ತದಲ್ಲಿರುವುದು ಸುಮಾರು ಒಂದು ದಿನ. ಅವುಗಳಲ್ಲಿ ಕೆಲವು ಮಾತ್ರ ಎರಡನೆಯ, ಅನಂತರ ಮೂರನೆಯ ಪಂಗಡವಾಗಿ ಮಾರ್ಪಡುತ್ತವೆಂದು 2017ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿತು.

ಆದರೆ ರಕ್ಷಿಸುವ ಕರೆಯೇ ಕೇಡಿಗೂ ಕಾರಣವಾಗಬಹುದು. ಅಪಧಮನಿಯ ಗೋಡೆಯಲ್ಲಿ ಕೊಬ್ಬು ತಂಗಿದಾಗಲೂ ಇದೇ ಕರೆ ಹೊರಡುತ್ತದೆ. ಬಂದ ಕಣಗಳು ಕೊಬ್ಬನ್ನು ನುಂಗಿ ಉಬ್ಬಿ ಅಲ್ಲಿಯೇ ಉಳಿಯುತ್ತವೆ; ನಾಳವು ಕಿರಿದಾಗಿ ಹೃದಯಾಘಾತಕ್ಕೆ ದಾರಿಯಾಗುತ್ತದೆ. ಹಾಗಾದರೆ ಆ ಗ್ರಾಹಕವನ್ನೇ ಇಲ್ಲವಾಗಿಸಬಾರದೆ? ಅದಿಲ್ಲದ ಇಲಿಗಳಲ್ಲಿ ನಾಳದ ರೋಗವು ಕಡಮೆಯಾದುದು ನಿಜ. ಆದರೆ ಅಂತಹ ಇಲಿಗಳಿಗೆ ಲಿಸ್ಟೀರಿಯಾ ಎಂಬ ರೋಗಾಣುವನ್ನು ನೀಗಿಕೊಳ್ಳುವ ಶಕ್ತಿಯೂ ಇಲ್ಲದೆ ಹೋಯಿತು.

ಆದಕಾರಣ, ಕಾವಲುಗಾರನ ಕಿವಿಯನ್ನು ಕಿವುಡುಮಾಡುವುದಕ್ಕಿಂತ, ಅವನನ್ನು ವೃಥಾ ಕೂಗಿ ಕರೆಯದಿರುವುದೇ ಲೇಸು. ಹೊಗೆಸೊಪ್ಪನ್ನು ತ್ಯಜಿಸಿ, ರಕ್ತದ ಒತ್ತಡವನ್ನೂ ಕೊಬ್ಬನ್ನೂ ವೈದ್ಯರ ಸಲಹೆಯಂತೆ ಹತೋಟಿಯಲ್ಲಿಟ್ಟುಕೊಳ್ಳುವುದು ಪ್ರತಿಯೊಂದು ಮನೆಯವರ ಕೈಯಲ್ಲಿಯೂ ಇದೆಯೆಂದು ನಾವು ವಾಚಕರಲ್ಲಿ ವಿಜ್ಞಾಪಿಸುತ್ತೇವೆ.